ಡ್ವಾರ್ಫ್ ಮಂತ್ರ ಕಲಿಯಬಾರದು ಅಂತ ಯಾರು ಹೇಳಿದ್ದು?

ಪ್ರಶ್ನೆ: ಅಕ್ಕಾ, ನಮಸ್ಕಾರ. ನಾನು ಬಾಗಲಕೋಟೆ ನವನಗರದವನು, ಡಿಗ್ರಿ ಎರಡನೇ ವರ್ಷ. ಗೆಳೆಯರೆಲ್ಲ ಸೇರಿ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ಶುರು ಮಾಡುತ್ತಿದ್ದೇವೆ, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ದಾಳ ಹಾಕಿ ಆಡುವ ಕಥೆಯ ಆಟ. 2014ರ ರೂಲ್ಸ್, ಒಂದನೇ ಲೆವೆಲ್. ನನ್ನದು ವಿಜರ್ಡ್, ಅಂದರೆ ಮಂತ್ರವಾದಿ. ನಮ್ಮ ಅಜ್ಜ ಇಳಕಲ್ಲಿನ ಗ್ರಾನೈಟ್ ಖಣಿಯಲ್ಲಿ ದುಡಿದವರು. ಹಾಗಾಗಿ ಕಲ್ಲು ಕೆತ್ತುವ ಡ್ವಾರ್ಫ್ (ಆಟದ ಕುಳ್ಳ, ಗಟ್ಟಿಮುಟ್ಟು ಜನ) ಒಬ್ಬ ಮಂತ್ರ ಕಲಿತರೆ ಹೇಗೆ ಅಂತ ತಲೆಗೆ ಬಂತು. ಗೆಳೆಯರು ಬೇಡ ಅನ್ನುತ್ತಾರೆ. ವಿಜರ್ಡ್ ಅಂದರೆ ಹೈ ಎಲ್ಫ್ ಅನ್ನೋ ಇನ್ನೊಂದು ಕುಲದವನೇ ಆಗಬೇಕಂತೆ, ಅದಕ್ಕೆ ಇಂಟೆಲಿಜೆನ್ಸ್ +1 ಸಿಗುತ್ತದೆ, ಡ್ವಾರ್ಫ್‌ಗೆ ಸಿಗಲ್ಲ. ಏನು ಮಾಡಲಿ?

ಉತ್ತರ: ತಮ್ಮಾ, ಡ್ವಾರ್ಫೇ ಮಾಡು.

ನಿನ್ನ ಗೆಳೆಯರ ಲೆಕ್ಕ ಸುಳ್ಳಲ್ಲ. ಪಾತ್ರದ ಗುಣಗಳಿಗೆ 27 ಪಾಯಿಂಟ್ ಹಂಚುವಾಗ ಯಾವುದಕ್ಕೂ 15ರ ಮೇಲೆ ಕೊಡಲು ಬರಲ್ಲ. ಇಂಟೆಲಿಜೆನ್ಸ್‌ಗೆ 15 ಇಟ್ಟರೆ ಎಲ್ಫ್‌ಗೆ ಅದು 16 ಆಗುತ್ತದೆ, ಬೋನಸ್ +3. ಡ್ವಾರ್ಫ್ 15ರಲ್ಲೇ ನಿಲ್ಲುತ್ತಾನೆ, +2. ನಿನ್ನ ಮಂತ್ರದಿಂದ ತಪ್ಪಿಸಿಕೊಳ್ಳಲು ಎದುರಿನವನಿಗೆ ದಾಳದಲ್ಲಿ 13ರ ಬದಲು 12 ಬಂದರೆ ಸಾಕು. ದಿನಕ್ಕೆ ಸಿದ್ಧ ಮಾಡಿಕೊಳ್ಳುವ ಮಂತ್ರ ನಾಲ್ಕರ ಬದಲು ಮೂರು. ನಷ್ಟ ಇದೆ. ಆದರೆ 20 ಮುಖದ ದಾಳದಲ್ಲಿ ಒಂದು ಮುಖದಷ್ಟು, ನೂರಕ್ಕೆ ಐದು.

ಶುರುವಿನ ಲೆವೆಲ್‌ಗಳಲ್ಲಿ ವಿಜರ್ಡ್ ಬೀಳುವುದು ಆ ಒಂದು ಮುಖದಿಂದ ಅಲ್ಲ. ಮೈಯಲ್ಲಿ ಜೀವ ಕಡಿಮೆ ಇರುವುದರಿಂದ. ಬೆಳಗಾವಿಯಲ್ಲಿ ನಾನು ಆಡಿಸುವ ಟೇಬಲ್‌ನಲ್ಲಿ, ಜಿಟಿ ಜಿಟಿ ಮಳೆ ಹಿಡಿದ ಒಂದು ಸಂಜೆ, ಹೈ ಎಲ್ಫ್ ವಿಜರ್ಡ್ ಒಬ್ಬಳು ಮೊದಲ ಜಗಳದಲ್ಲೇ, ಇನ್ನೂ ಒಂದು ಮಂತ್ರವನ್ನೂ ಹಾಕದೆ ನೆಲಕ್ಕೆ ಬಿದ್ದಳು. ಅವಳ ಹಿಟ್ ಪಾಯಿಂಟ್, ಅಂದರೆ ಮೈಯಲ್ಲಿನ ಜೀವ, 8. ಗೋಬ್ಲಿನ್ ಅನ್ನೋ ಪುಟ್ಟ ರಾಕ್ಷಸನ ಬಾಣದ ಪೆಟ್ಟು ಆರು ಮುಖದ ದಾಳಕ್ಕೆ 2 ಕೂಡಿಸಿ. ನಾನು ದಾಳ ಹಾಕಿದೆ, 6 ಬಿತ್ತು. ಆಡುತ್ತಿದ್ದ ಹುಡುಗಿ ಎರಡು ವಾರ ಕೂತು ಆ ಪಾತ್ರದ ಕಥೆ ಬರೆದಿದ್ದಳು, ಅವಳ ಮುಖ ನೋಡೋಕೆ ಆಗಲಿಲ್ಲ ನನಗೆ.

ಡ್ವಾರ್ಫ್‌ನಲ್ಲಿ ಮೌಂಟನ್, ಹಿಲ್ ಅಂತ ಎರಡು ಬಗೆ. ಅದೇ ಜಾಗದಲ್ಲಿ ಮೌಂಟನ್ ಡ್ವಾರ್ಫ್ ಇದ್ದಿದ್ದರೆ? ಅವನಿಗೆ ಕಾನ್‌ಸ್ಟಿಟ್ಯೂಷನ್ (ಮೈಯ ಗಟ್ಟಿತನ) +2. ನೀನು 14 ಇಟ್ಟರೆ 16 ಆಗುತ್ತದೆ, ಹಿಟ್ ಪಾಯಿಂಟ್ 9. ಒಂದೇ ಒಂದು ಉಳಿಯುತ್ತಿತ್ತು, ಆದರೆ ನಿಂತಿರುತ್ತಿದ್ದ. ಹಿಲ್ ಡ್ವಾರ್ಫ್ ಆದರೆ 10, ಮುಂದೆ ಪ್ರತಿ ಲೆವೆಲ್‌ಗೂ ಒಂದು ಜಾಸ್ತಿ. ದಾಳ ಹಾಕದೆ ಸರಾಸರಿ ತೆಗೆದುಕೊಂಡರೆ ಐದನೇ ಲೆವೆಲ್‌ನಲ್ಲಿ ಅವನಿಗೆ 42, ಎಲ್ಫ್‌ಗೆ 32. ಇನ್ನೊಂದು, ಹಿಡಿದಿಟ್ಟುಕೊಳ್ಳಬೇಕಾದ ಮಂತ್ರ ಹಾಕಿದಾಗ ಪೆಟ್ಟು ಬಿದ್ದರೆ ಗಮನ ತಪ್ಪುತ್ತದೋ ಇಲ್ಲವೋ ಅಂತ ನೋಡುವುದೂ ಕಾನ್‌ಸ್ಟಿಟ್ಯೂಷನ್ ಮೇಲೆಯೇ.

ಎರಡರಲ್ಲಿ ನನ್ನ ಓಟು ಮೌಂಟನ್‌ಗೆ, ಯಾಕೆಂದರೆ ಅವನಿಗೆ ಮೀಡಿಯಂ ಆರ್ಮರ್ (ಮಧ್ಯಮ ತೂಕದ ಕವಚ) ತೊಡೋಕೆ ಬರುತ್ತದೆ. ತೊಡಲು ಬರುವ ಆರ್ಮರ್‌ನಲ್ಲಿ ಮಂತ್ರ ಹಾಕಲು ಏನೂ ಅಡ್ಡಿಯಿಲ್ಲ. ಒಂದನೇ ಲೆವೆಲ್‌ನ ವಿಜರ್ಡ್‌ಗೆ ಇರುವುದೇ ಎರಡು ಸ್ಲಾಟ್ (ಮಂತ್ರ ಹಾಕಲು ಖರ್ಚು ಮಾಡುವ ಅವಕಾಶ), ಅದರಲ್ಲಿ ಒಂದನ್ನು ಮೇಜ್ ಆರ್ಮರ್ ಮಂತ್ರಕ್ಕೆ ಸುರಿದರೆ ಉಳಿಯುವುದು ಒಂದು. ಡೆಕ್ಸ್‌ಟೆರಿಟಿ (ಚುರುಕುತನ) 14 ಇದ್ದರೆ ಆ ಮಂತ್ರ ಕೊಡುವ ರಕ್ಷಣೆ 15. ಸರಪಳಿ ಅಂಗಿಯೂ ಅಷ್ಟೇ ಕೊಡುತ್ತದೆ, ಬೆಲೆ 50 ಚಿನ್ನದ ನಾಣ್ಯ. ಮೊದಲ ಸಾಹಸದ ದುಡ್ಡಿನಲ್ಲಿ ಅದನ್ನೇ ಕೊಳ್ಳು.

ಮಂತ್ರ ಆರಿಸುವಾಗ ಮಾತ್ರ ಸ್ವಲ್ಪ ತಲೆ ಓಡಿಸು. ನಿನ್ನ ಇಂಟೆಲಿಜೆನ್ಸ್ ಎಷ್ಟಿದ್ದರೂ ಫರಕು ಬೀಳದ ಮಂತ್ರಗಳಿವೆ. ಮ್ಯಾಜಿಕ್ ಮಿಸೈಲ್ ಗುರಿ ತಪ್ಪುವುದೇ ಇಲ್ಲ. ನಿಮ್ಮ ರೂಲ್ಸ್‌ನಲ್ಲಿ ನಿದ್ದೆ ಬರಿಸುವ ಸ್ಲೀಪ್‌ಗೆ ಎದುರಾಳಿ ತಪ್ಪಿಸಿಕೊಳ್ಳಲು ದಾಳ ಹಾಕುವ ಹಾಗೇ ಇಲ್ಲ, ಮೊದಲ ಎರಡು ಲೆವೆಲ್‌ನಲ್ಲಿ ಅದರಷ್ಟು ಕೆಲಸಕ್ಕೆ ಬರುವುದು ಇನ್ನೊಂದಿಲ್ಲ ಅಂತ ನನಗನಿಸುತ್ತದೆ. ಶೀಲ್ಡ್ ಅನ್ನೋ ಮಂತ್ರವೂ ಇರಲೇಬೇಕು.

ಇನ್ನು ನಿನ್ನ ಅಜ್ಜನ ವಿಷಯ. ಇದು ನನಗೆ ತುಂಬಾ ಇಷ್ಟವಾಯಿತು. ಡ್ವಾರ್ಫ್‌ಗೆ ಸ್ಟೋನ್‌ಕನಿಂಗ್ ಅಂತ ಒಂದು ವಿದ್ಯೆ ಇದೆ. ಕಲ್ಲಿನ ಕೆಲಸ ಎಲ್ಲಿಂದ ಬಂದದ್ದು, ಯಾರು ಮಾಡಿದ್ದು ಅಂತ ಗುರುತಿಸಲು ಹಿಸ್ಟರಿ ದಾಳ ಹಾಕಿದರೆ ಪ್ರೊಫಿಷಿಯೆನ್ಸಿ (ಪಳಗಿದ ಕೆಲಸಕ್ಕೆ ಸಿಗುವ ಬೋನಸ್) ಎರಡು ಪಟ್ಟು. ಆ ದಾಳ ನಡೆಯುವುದು ಇಂಟೆಲಿಜೆನ್ಸ್ ಮೇಲೆ. ಹಾಗಾಗಿ ಫೈಟರ್ ಡ್ವಾರ್ಫ್‌ಗಿಂತ ವಿಜರ್ಡ್ ಡ್ವಾರ್ಫ್‌ಗೇ ಇದು ಚೆನ್ನಾಗಿ ಒದಗುತ್ತದೆ, ನಿನಗೆ ಒಂದನೇ ಲೆವೆಲ್‌ನಲ್ಲೇ +6. ಪಟ್ಟದಕಲ್ಲಿನಲ್ಲಿ ಈ ಶಿಖರ ಉತ್ತರದ ಶೈಲಿ, ಪಕ್ಕದ್ದು ದ್ರಾವಿಡ ಅಂತ ತೋರಿಸಿ ಹೇಳುತ್ತಾರಲ್ಲ, ನಿನ್ನ ಪಾತ್ರ ಪಾಳುಬಿದ್ದ ಗುಹೆಗೆ ಕಾಲಿಟ್ಟ ಕೂಡಲೇ ಹಾಗೆ ಗೋಡೆ ಸವರಿ ಮಾತಾಡಬಹುದು. ಜೊತೆಗೆ ಒಂದು ಕಸುಬಿನ ಸಾಮಾನು ಆರಿಸಿಕೊಳ್ಳಬೇಕು, ಅದರಲ್ಲಿ ಕಲ್ಲುಕುಟಿಗರದ್ದೂ ಇದೆ. ಅಜ್ಜನ ಚಾಣ-ಸುತ್ತಿಗೆ ಅಂತ ಕ್ಯಾರೆಕ್ಟರ್ ಶೀಟ್ ಮೇಲೆ ಬರೆದುಕೋ.

ನಿನ್ನ ಗೆಳೆಯರ ಮಾತಿಗೆ ಹಳೆಯ ಬೇರೂ ಇದೆ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ತಂದಾಗ ಡ್ವಾರ್ಫ್ ಮಂತ್ರ ಕಲಿಯುವ ಹಾಗೇ ಇರಲಿಲ್ಲ, ಹೊಡೆದಾಟ ಅಷ್ಟೇ. 2000ದ ಮೂರನೇ ಎಡಿಷನ್‌ನಲ್ಲಿ ಆ ತಡೆ ಹೋಯಿತು. 2020ರಲ್ಲಿ ಬೋನಸ್ಸನ್ನು ಬೇಕಾದ ಕಡೆ ಹಾಕಿಕೊಳ್ಳುವ ಐಚ್ಛಿಕ ರೂಲ್ ಬಂತು. 2024ರ ಪುಸ್ತಕದಲ್ಲಂತೂ ಬೋನಸ್ ಬರುವುದು ಬ್ಯಾಕ್‌ಗ್ರೌಂಡ್‌ನಿಂದ, ಅಂದರೆ ಪಾತ್ರದ ಹಿಂದಿನ ಬದುಕಿನಿಂದ. ನಿಮ್ಮ ಡಿಎಂ (ಆಟ ನಡೆಸುವವರು) ಹತ್ತಿರ 2020ರ ರೂಲ್ ಒಪ್ಪುತ್ತೀರಾ ಅಂತ ಕೇಳಿ ನೋಡು. ಒಪ್ಪಿದರೆ ಜಗಳವೇ ಇಲ್ಲ. ಒಪ್ಪದಿದ್ದರೂ ನನ್ನ ಉತ್ತರ ಅದೇ.

ಪ್ರಶ್ನೆ: ಮೇಡಂ, ನಾವು ವಿಜಯಪುರದವರು. ನನ್ನ ಮಗಳಿಗೆ 12 ವರ್ಷ, ಸಂಗೀತ ಕಲಿಯುತ್ತಿದ್ದಾಳೆ. ಅಣ್ಣಂದಿರ ಜೊತೆ ಈ ಆಟ ಆಡಲು ಹಾಡಿ ಮಂತ್ರ ಹಾಕುವ ಬಾರ್ಡ್ ಆರಿಸಿದ್ದಾಳೆ. ಆದರೆ ಕೊಂಬು, ಬಾಲ ಇರುವ ಟೀಫ್ಲಿಂಗೇ ಬೇಕು ಅಂತ ಹಟ. ಅದು ದೆವ್ವ ಅಲ್ವಾ? ಬೇರೆ ಯಾವುದಾದರೂ ಹೇಳಿ.

ಉತ್ತರ: ದೆವ್ವ ಅಲ್ಲ ರೀ. ಪೂರ್ವಜರಲ್ಲಿ ಯಾರಿಗೋ ನರಕದ ನಂಟಿತ್ತು, ಅದರ ಗುರುತು ಇವರ ಮೈಮೇಲೆ ಉಳಿದಿದೆ. ತಾವು ಮಾಡದ ತಪ್ಪಿಗೆ ಜನ ಅನುಮಾನದಿಂದ ನೋಡುತ್ತಾರೆ ಅನ್ನೋದೇ ಅವರ ಕಥೆ. ಒಳ್ಳೆಯವರಾಗಬೇಕೋ ಕೆಟ್ಟವರಾಗಬೇಕೋ ಅವರದೇ ಆಯ್ಕೆ, ಮನುಷ್ಯರ ಹಾಗೆ. 12 ವರ್ಷದ ಹುಡುಗಿ ಅಂಥ ಪಾತ್ರ ಆರಿಸಿದ್ದಾಳೆ ಅಂದರೆ ನನಗೆ ಖುಷಿ.

ಹಾಫ್-ಎಲ್ಫ್ ಕೂಡ ಬಾರ್ಡ್‌ಗೆ ಚೆನ್ನಾಗಿ ಹೊಂದುತ್ತದೆ, 2014ರ ರೂಲ್ಸ್‌ನಲ್ಲಿ ಕರಿಸ್ಮಾ (ಜನರನ್ನು ಸೆಳೆಯುವ ಗುಣ) +2 ಇಬ್ಬರಿಗೂ ಇದೆ. ಆದರೆ ಟೀಫ್ಲಿಂಗ್‌ಗೆ ಬೆಂಕಿಯ ಪೆಟ್ಟು ಅರ್ಧ ಮಾತ್ರ. ಮತ್ತೆ ಥೌಮಟರ್ಜಿ ಅನ್ನೋ ಚಿಕ್ಕ ಮಂತ್ರ ಹುಟ್ಟಿನಿಂದಲೇ ಬರುತ್ತದೆ, ಅದರಿಂದ ಒಂದು ನಿಮಿಷ ಅವಳ ದನಿ ಮೂರು ಪಟ್ಟು ದೊಡ್ಡದಾಗುತ್ತದೆ. ಗೋಲ್ ಗುಂಬಜ್‌ನ ಗ್ಯಾಲರಿಯಲ್ಲಿ ಕೂಗಿ, ತನ್ನ ದನಿ ತಿರುಗಿ ತಿರುಗಿ ಬರುವುದನ್ನು ಕೇಳಿರುತ್ತಾಳಲ್ಲ, ಆಟದಲ್ಲಿ ಆ ಮಂತ್ರ ಹಾಕುವಾಗ ಏನಾಗುತ್ತದೆ ಅಂತ ಅವಳಿಗೆ ಬಿಡಿಸಿ ಹೇಳಬೇಕಿಲ್ಲ.