ಹಾವು ಕಡಿತದ ಸಮೀಕ್ಷೆ ಮಾಡಿದೆವು, ಕೇಳೋರಿಲ್ಲ. ಮುಂದೇನು?

ಪ್ರಶ್ನೆ: ನಾನು ಮಳವಳ್ಳಿ ತಾಲ್ಲೂಕಿನ ಕಾಲೇಜೊಂದರಲ್ಲಿ ಉಪನ್ಯಾಸಕಿ. ನಮ್ಮ ಎನ್‌ಎಸ್‌ಎಸ್ ಮಕ್ಕಳು ಸುತ್ತಲಿನ ಊರುಗಳಲ್ಲಿ ಮನೆಮನೆಗೆ ಹೋಗಿ ಹಾವು ಕಡಿತದ ಮಾಹಿತಿ ಕಲೆಹಾಕಿದರು. ದಪ್ಪ ವರದಿ ಮಾಡಿ ಒಂದು ಕಚೇರಿಗೆ ಕೊಟ್ಟೆವು. ಉತ್ತರವೇ ಇಲ್ಲ. ಇಂಥ ಅಧ್ಯಯನದಿಂದ ಸರ್ಕಾರದ ನೀತಿ ಬದಲಾಗುತ್ತಾ ಡಾಕ್ಟ್ರೇ, ಇಲ್ಲಾ ಸುಮ್ನೆ ಶ್ರಮವಾ?

ಉತ್ತರ: ಬದಲಾಗುತ್ತದೆ ಮೇಡಂ. ನೀವು ಹಿಡಿದಿರುವ ವಿಷಯದಲ್ಲೇ ಬದಲಾಗಿದೆ.

ಮೊದಲೆಲ್ಲ ಹಾವು ಕಡಿದು ಸತ್ತವರ ಲೆಕ್ಕ ಆಸ್ಪತ್ರೆ ರಿಜಿಸ್ಟರ್‌ನಿಂದ ಬರುತ್ತಿತ್ತು. ಆದರೆ ಜಾಸ್ತಿ ಜನ ಸಾಯುತ್ತಿದ್ದುದು ಮನೆಯಲ್ಲಿ, ದಾರಿಯಲ್ಲಿ, ನಾಟಿ ಔಷಧಿ ಕೊಡುವವರ ಜಗಲಿಯಲ್ಲಿ. ಸಂಶೋಧಕರು ದೇಶದ ಉದ್ದಗಲಕ್ಕೂ ಮನೆಗಳಿಗೇ ಹೋಗಿ ಸಾವು ಹೇಗಾಯ್ತು ಅಂತ ಕೇಳಿದರು. 2020ರಲ್ಲಿ ಬಂದ ಅವರ ಅಂದಾಜು ವರ್ಷಕ್ಕೆ ಸುಮಾರು 58,000 ಸಾವು. ಸರ್ಕಾರಿ ಲೆಕ್ಕ ಇದರ ಹತ್ತಿರಕ್ಕೂ ಬರುತ್ತಿರಲಿಲ್ಲ. ಆ ಅಂತರ ಕಣ್ಣಿಗೆ ಕಂಡ ಮೇಲೆ ಸುಮ್ಮನಿರುವುದು ಕಷ್ಟ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಪ್ರತಿ ಹಾವು ಕಡಿತವನ್ನೂ ವರದಿ ಮಾಡಲೇಬೇಕು ಎಂದಿತು, ಖಾಸಗಿ ಆಸ್ಪತ್ರೆಗಳೂ ಸೇರಿ. ಮರು ತಿಂಗಳು ಕೇಂದ್ರ ಸರ್ಕಾರದ ಕ್ರಿಯಾ ಯೋಜನೆ ಬಂತು. 2030ರೊಳಗೆ ಸಾವನ್ನು ಅರ್ಧಕ್ಕೆ ಇಳಿಸುವುದು ಅದರ ಗುರಿ.

ನಿಮ್ಮ ಮಕ್ಕಳು ಮಾಡಿದ್ದೂ ಇದೇ ಕೆಲಸ. ಈಗ ಆ ದಪ್ಪ ವರದಿಯಿಂದ ಒಂದೇ ಒಂದು ಪುಟ ತೆಗೆಯಿರಿ. ಯಾವ ಊರು, ಯಾವ ತಿಂಗಳು, ಎಷ್ಟು ಹೊತ್ತಿಗೆ ಕಚ್ಚಿತು, ಕಬ್ಬಿನ ಗದ್ದೆಯಲ್ಲೋ ಮನೆಯೊಳಗೋ, ಮೊದಲು ಎಲ್ಲಿಗೆ ಕರೆದೊಯ್ದರು, ವಿಷ ಇಳಿಸುವ ಇಂಜೆಕ್ಷನ್ ಸಿಕ್ಕಿದ್ದು ಎಷ್ಟು ಗಂಟೆ ಆದಮೇಲೆ, ಇಷ್ಟು ಸಾಕು. ಪಕ್ಕದಲ್ಲಿ ಅದೇ ಊರುಗಳಿಗೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಎಷ್ಟು ಪ್ರಕರಣ ದಾಖಲಾಗಿವೆ ಅಂತ ಹಾಕಿ. ಓದುವ ಅಧಿಕಾರಿಗೆ ಬೇರೆ ವಿವರಣೆ ಬೇಕಾಗುವುದಿಲ್ಲ.

ಯಾರ ಕೈಯಲ್ಲಿ ಏನಿದೆ ನೋಡಿ ಕೇಳಿ. ಎಲ್ಲವನ್ನೂ ಒಂದೇ ಕಚೇರಿಗೆ ಕೊಟ್ಟರೆ ಅದು ಯಾರ ಕೆಲಸವೂ ಆಗುವುದಿಲ್ಲ. ಆರೋಗ್ಯ ಕೇಂದ್ರದಲ್ಲಿ ಔಷಧಿ ದಾಸ್ತಾನು, ರಾತ್ರಿ ಪಾಳಿಯಲ್ಲಿ ಡಾಕ್ಟರ್ ಇರಬೇಕೆಂಬುದು ತಾಲ್ಲೂಕು ಆರೋಗ್ಯಾಧಿಕಾರಿ, ಜಿಲ್ಲಾ ಆರೋಗ್ಯಾಧಿಕಾರಿ (ಡಿಎಚ್‌ಒ) ಅವರಿಗೆ. ಬೀದಿ ದೀಪ ಪಂಚಾಯಿತಿಗೆ, ಗ್ರಾಮಸಭೆಯಲ್ಲೇ ಕೇಳಿ. ನೀರು ಹಾಯಿಸಲು ಹೋದಾಗ ರಾತ್ರಿ ಕಚ್ಚಿದ್ದೇ ಜಾಸ್ತಿ ಅಂತ ನಿಮ್ಮ ಅಂಕಿಗಳು ಹೇಳಿದರೆ, ಪಂಪ್‌ಸೆಟ್‌ಗೆ ಹಗಲು ತ್ರೀ ಫೇಸ್ ಕರೆಂಟ್ ಕೊಡಿ ಅನ್ನುವುದು ಆರೋಗ್ಯದ ಬೇಡಿಕೆಯೇ. ಅದು ನಿಮ್ಮ ಭಾಗದ ವಿದ್ಯುತ್ ಕಂಪನಿ ಸೆಸ್ಕ್‌ಗೆ ಹೋಗಬೇಕು. ವಿದ್ಯುತ್ ದರದ ಸಾರ್ವಜನಿಕ ವಿಚಾರಣೆ ನಡೆಯುತ್ತದಲ್ವಾ, ಅಲ್ಲಿ ರೈತ ಸಂಘದವರ ಜೊತೆ ನಿಂತು ಹೇಳಿ. ಕಡಿತಕ್ಕೊಳಗಾದ ಒಬ್ಬ ರೈತರು ಒಪ್ಪಿದರೆ ಅವರೇ ಮಾತಾಡಲಿ. ತಾಲ್ಲೂಕಿನ ಇಲಾಖೆಗಳ ಕೆಲಸ ಪರಿಶೀಲಿಸುವ ಶಾಸಕರ ಕೆಡಿಪಿ ಸಭೆಗೆ ಮುಂಚೆ ಆ ಪುಟ ಅವರ ಕೈಗೂ ಸೇರಲಿ.

ಒಂದು ಎಚ್ಚರ. ಕೆಲವು ಊರಿನ ಅಂಕಿ ಹಿಡಿದು ಇಡೀ ಮಂಡ್ಯ ಜಿಲ್ಲೆ ಹೀಗೇ ಎನ್ನಬೇಡಿ. ಒಂದು ಕಡೆ ತಪ್ಪು ಸಿಕ್ಕರೆ ಉಳಿದದ್ದನ್ನೂ ಪಕ್ಕಕ್ಕಿಡುತ್ತಾರೆ. ಮನೆಯವರ ಹೆಸರುಗಳನ್ನು ತೆಗೆದುಬಿಡಿ. ಮೈಸೂರಿನ ಯಾವುದಾದರೂ ಮೆಡಿಕಲ್ ಕಾಲೇಜಿನ ಸಮುದಾಯ ವೈದ್ಯಕೀಯ ವಿಭಾಗದವರಿಗೆ ಲೆಕ್ಕ ತೋರಿಸಿ, ತಿದ್ದಿಕೊಡುತ್ತಾರೆ. ಇದೆಲ್ಲ ಮುಂಗಾರಿಗೆ ಮುಂಚೆ ಮುಗಿಸಿ. ಕಡಿತ ಜಾಸ್ತಿಯಾಗುವುದು ಆಗಲೇ, ಔಷಧಿ ಅಷ್ಟರಲ್ಲಿ ಕೇಂದ್ರದ ಫ್ರಿಜ್‌ನಲ್ಲಿರಬೇಕು.