ವಿಜ್ಞಾನದ ಜೊತೆ ಅಡ್ವಾನ್ಸ್ಡ್ ಮ್ಯಾತ್ಸ್ ತೆಗೆದುಕೊಳ್ಳಬೇಕಾ, ಬಿಡಬೇಕಾ?

ತೆಗೆದುಕೊಳ್ಳಿ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಓದುವುದೇ ಸಾಕಷ್ಟಿದೆ, ಅದರ ಮೇಲೆ ಮ್ಯಾತ್ಸ್ ಬೇರೆ ಹೊತ್ತುಕೊಂಡರೆ ಎಲ್ಲದರಲ್ಲೂ ಮಾರ್ಕ್ಸ್ ಇಳಿಯುತ್ತಾ ಅಂತ ಕೇಳಿದ್ದೀರಿ. ನಿಮ್ಮ ವಯಸ್ಸಿನಲ್ಲಿ ನಾನೂ ಇದೇ ಲೆಕ್ಕಾಚಾರ ಹಾಕಿ ಗಣಿತ ಬಿಟ್ಟೆ.

ಬಿಟ್ಟಾಗ ಎಲ್ಲ ಸರಿಯಾಗಿಯೇ ಇತ್ತು. ಗಣಿತಕ್ಕೆ ಹೋಗುತ್ತಿದ್ದ ಹೊತ್ತೆಲ್ಲ ಕೆಮಿಸ್ಟ್ರಿಗೆ ಸಿಕ್ಕಿತು. ಮಾರ್ಕ್ಸ್ ಏರಿತು. ಮನೆಯವರಿಗೂ ಖುಷಿ, ಟೀಚರಿಗೂ ಖುಷಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನನಗೆ ಏಟು ಬಿದ್ದದ್ದು ಇಲ್ಲೇ.

ರಿಯಾಕ್ಷನ್ ಎಷ್ಟು ಬೇಗ ನಡೆಯುತ್ತದೆ ಎನ್ನುವ ಪಾಠದಲ್ಲಿ ಹಾಫ್ ಲೈಫ್ ಬರುತ್ತದೆ, ಅಂದ್ರೆ ಪದಾರ್ಥ ಅರ್ಧಕ್ಕೆ ಇಳಿಯಲು ಬೇಕಾದ ಹೊತ್ತು. ಫಸ್ಟ್ ಆರ್ಡರ್ ರಿಯಾಕ್ಷನ್ ಆದರೆ 0.693 ಅನ್ನು ರೇಟ್ ಕಾನ್ಸ್ಟಂಟಿನಿಂದ (ಆ ರಿಯಾಕ್ಷನ್ನಿನ ವೇಗ ಹೇಳುವ ಸಂಖ್ಯೆ) ಭಾಗಿಸಿದರೆ ಹಾಫ್ ಲೈಫ್. ಬಾಯಿಪಾಠ ಮಾಡಿದೆ. ಪರೀಕ್ಷೆಯಲ್ಲಿ ಕಾನ್ಸ್ಟಂಟ್ ಕೊಡುತ್ತಿದ್ದರು, ಭಾಗಿಸುತ್ತಿದ್ದೆ, ಪೂರ್ತಿ ಮಾರ್ಕ್ಸ್ ಬರುತ್ತಿತ್ತು. ಆ 0.693 ಎಲ್ಲಿಂದ ಬಂತು ಅಂತ ಒಂದು ದಿನವೂ ಕೇಳಲಿಲ್ಲ. ಅದು 2ರ ನ್ಯಾಚುರಲ್ ಲಾಗರಿದಮ್. ಪದಾರ್ಥ ಎಷ್ಟು ಉಳಿದಿದೆಯೋ ಅದಕ್ಕೆ ತಕ್ಕ ವೇಗದಲ್ಲಿ ಅದು ಖರ್ಚಾಗುತ್ತದೆ, ಇಷ್ಟನ್ನು ಸಮೀಕರಣವಾಗಿ ಬರೆದು, ಇಂಟಿಗ್ರೇಟ್ ಮಾಡಿ (ಚಿಕ್ಕ ಚಿಕ್ಕ ಬದಲಾವಣೆಗಳನ್ನೆಲ್ಲ ಕೂಡಿಸಿ), ಅರ್ಧಕ್ಕೆ ಇಳಿಯಲು ಎಷ್ಟು ಹೊತ್ತು ಬೇಕು ಅಂತ ಕೇಳಿದರೆ ಆ ಸಂಖ್ಯೆ ತಾನಾಗಿ ಹೊರಗೆ ಬರುತ್ತದೆ. ಗಣಿತ ತೆಗೆದುಕೊಂಡಿದ್ದ ಗೆಳೆಯನಿಗೆ ಅದು ನಾಲ್ಕು ಸಾಲಿನ ಕೆಲಸ. ನನಗೆ ಅದು ನೆನಪಿಡಬೇಕಾದ ಇನ್ನೊಂದು ಸಂಖ್ಯೆ.

ಡಿಗ್ರಿಗೆ ಕೆಮಿಸ್ಟ್ರಿಯನ್ನೇ ಆರಿಸಿಕೊಂಡೆ. ಲ್ಯಾಬಿನಲ್ಲಿ ಈಥೈಲ್ ಅಸಿಟೇಟನ್ನು ಸೋಡಿಯಂ ಹೈಡ್ರಾಕ್ಸೈಡ್ ಜೊತೆ ಸಮ ಪ್ರಮಾಣದಲ್ಲಿ ಬೆರೆಸಿ, ಆಗಾಗ ರೀಡಿಂಗ್ ತೆಗೆದು, ಗ್ರಾಫ್ ಹಾಕಬೇಕಿತ್ತು. ನನಗೆ ಗೊತ್ತಿದ್ದದ್ದು ಒಂದೇ ದಾರಿ, ಫಸ್ಟ್ ಆರ್ಡರಿನದು. ಉಳಿದ ಪದಾರ್ಥದ ಕಾನ್ಸಂಟ್ರೇಷನ್ನಿಗೆ ಲಾಗ್ (ಲಾಗರಿದಮ್) ತೆಗೆದು ಚುಕ್ಕೆ ಇಟ್ಟೆ. ನೇರ ಗೆರೆ ಬರುವ ಬದಲು ಚುಕ್ಕೆಗಳು ಬಾಗಿಕೊಂಡು ಹೋದವು. ರೀಡಿಂಗ್ ತಪ್ಪಿರಬೇಕು ಅಂತ ಇಡೀ ಪ್ರಯೋಗವನ್ನು ಮತ್ತೆ ಮಾಡಿದೆ. ಮತ್ತೆ ಬಾಗಿತು. ಪಕ್ಕದ ಟೇಬಲ್ಲಿನವಳು ನೋಡಿ, "ಲಾಗ್ ಬೇಡ ಕಣೋ, 1ನ್ನು ಆ ಕಾನ್ಸಂಟ್ರೇಷನ್ನಿನಿಂದ ಭಾಗಿಸಿ ಹಾಕು" ಅಂದಳು. ಹಾಕಿದೆ, ಚುಕ್ಕೆಗಳು ಸಾಲಾಗಿ ಕೂತವು. ಅದು ಸೆಕೆಂಡ್ ಆರ್ಡರ್ ರಿಯಾಕ್ಷನ್. ಅಲ್ಲಿ 0.693ಕ್ಕೆ ಕೆಲಸವೇ ಇಲ್ಲ, ಹಾಫ್ ಲೈಫ್ ಕೂಡ ಒಂದೇ ಸಮ ಇರುವುದಿಲ್ಲ, ಶುರುವಿನಲ್ಲಿ ಪದಾರ್ಥ ಎಷ್ಟಿತ್ತು ಎನ್ನುವುದರ ಮೇಲೆ ಬದಲಾಗುತ್ತದೆ. ಅವಳು ಅದನ್ನು ಎಲ್ಲೂ ಬಾಯಿಪಾಠ ಮಾಡಿರಲಿಲ್ಲ. ಅಲ್ಲೇ ರಫ್ ಪುಸ್ತಕದಲ್ಲಿ ಇಂಟಿಗ್ರೇಟ್ ಮಾಡಿ ತೋರಿಸಿದಳು.

ಗಣಿತ ಬಿಟ್ಟಿದ್ದಕ್ಕಿಂತ ದೊಡ್ಡ ತಪ್ಪು ಏನು ಗೊತ್ತಾ? ಬಿಟ್ಟ ಮೇಲೆ ಏರಿದ ಮಾರ್ಕ್ಸ್ ನೋಡಿ, ನನ್ನ ತೀರ್ಮಾನ ಸರಿಯಾಗಿದೆ ಅಂತ ನಂಬಿದ್ದು. ಶಾಲೆಯ ಪರೀಕ್ಷೆ ಫಾರ್ಮುಲಾ ಬಳಸುವುದನ್ನು ಕೇಳುತ್ತದೆ, ಫಾರ್ಮುಲಾ ಹುಟ್ಟಿಸುವುದನ್ನು ಅಷ್ಟಾಗಿ ಕೇಳುವುದಿಲ್ಲ. ಹಾಗಾಗಿ ಗಣಿತ ಇಲ್ಲದ ಕೊರತೆ ಅಲ್ಲಿ ಕಾಣಿಸುವುದೇ ಇಲ್ಲ. ಕಾಣಿಸಿದ್ದರೆ ಆಗಲೇ ಸರಿಮಾಡಿಕೊಳ್ಳುತ್ತಿದ್ದೆ. ಕಾಣಿಸದೆ, ಒಂದರ ಮೇಲೊಂದು ಫಾರ್ಮುಲಾ ಪೇರಿಸಿಕೊಂಡು, ಕಾಲೇಜು ಸೇರಿ, ಎಲ್ಲರೂ ಮುಂದೆ ಹೋದ ಮೇಲೆ ಕಾಣಿಸಿತು.

ನನಗೆ ಆಸೆ ಇದ್ದದ್ದು ಕ್ವಾಂಟಮ್ ಕೆಮಿಸ್ಟ್ರಿ, ಅಣುಗಳಲ್ಲಿ ಎಲೆಕ್ಟ್ರಾನುಗಳು ಹೇಗಿರುತ್ತವೆ ಅಂತ ಲೆಕ್ಕ ಹಾಕುವ ವಿಭಾಗ. 1926ರಲ್ಲಿ ಶ್ರೋಡಿಂಗರ್ ಎಂಬ ಭೌತವಿಜ್ಞಾನಿ ಬರೆದ ಸಮೀಕರಣದಿಂದ ಅದು ಶುರುವಾಗುತ್ತದೆ, ಮತ್ತು ಆ ಸಮೀಕರಣ ಡಿಫರೆನ್ಷಿಯಲ್ ಸಮೀಕರಣ, ಅಂದ್ರೆ ಬದಲಾಗುವ ದರವನ್ನೇ ಒಳಗೆ ಇಟ್ಟುಕೊಂಡ ಸಮೀಕರಣ. ಅದರ ಹಿಂದೆಯೇ ಕಾಂಪ್ಲೆಕ್ಸ್ ಸಂಖ್ಯೆಗಳು, ಮ್ಯಾಟ್ರಿಕ್ಸ್ ಎಲ್ಲ ಬರುತ್ತವೆ. ರಾತ್ರಿ ಕೂತು ಶಾಲೆಯ ಗಣಿತದ ಪುಸ್ತಕ ಇಟ್ಟುಕೊಂಡು ಕ್ಯಾಲ್ಕುಲಸ್ ಕಲಿತೆ. ಬಂತು, ಬರಲಿಲ್ಲ ಅನ್ನಲ್ಲ. ಆದರೆ ಕ್ಲಾಸು ನನಗಾಗಿ ಕಾಯಲಿಲ್ಲ. ಆ ಪೇಪರಿನಲ್ಲಿ ಕಡಿಮೆ ಬಂತು, ಮುಂದೆ ಆ ವಿಭಾಗದಲ್ಲಿ ಸೀಟು ಸಿಗಲಿಲ್ಲ. ಈಗ ಅನಾಲಿಸಿಸ್ ಲ್ಯಾಬಿನಲ್ಲಿದ್ದೇನೆ. ಕೆಲಸ ಇಷ್ಟವೇ, ಆದರೆ ಆ ದಾರಿ ಮುಚ್ಚಿದ ನೋವು ಹೋಗಿಲ್ಲ.

ಇನ್ನು ನಿಮ್ಮ ಪ್ರಶ್ನೆಗೆ. ಗಣಿತವನ್ನು ನಾಲ್ಕನೇ ಹೊರೆ ಅಂತ ಎಣಿಸಿದ್ದೀರಿ, ಅದನ್ನು ನಾನು ಒಪ್ಪಲ್ಲ. ರೇಡಿಯೋಆಕ್ಟಿವ್ ಪದಾರ್ಥ ಕ್ಷಯಿಸುವುದು, ಕೆಪ್ಯಾಸಿಟರ್ ಡಿಸ್ಚಾರ್ಜ್ ಆಗುವುದು, ಎಷ್ಟೋ ಔಷಧಿಗಳು ರಕ್ತದಿಂದ ಇಳಿದುಹೋಗುವುದು, ಫಸ್ಟ್ ಆರ್ಡರ್ ರಿಯಾಕ್ಷನ್, ಈ ನಾಲ್ಕೂ ಒಂದೇ ಸಮೀಕರಣ. ಗಣಿತ ಗೊತ್ತಿದ್ದವರು ಒಂದು ಸಲ ಕಲಿಯುತ್ತಾರೆ. ಗೊತ್ತಿಲ್ಲದವರು ಬೇರೆ ಬೇರೆ ಪುಸ್ತಕದಲ್ಲಿ, ಬೇರೆ ಬೇರೆ ಅಕ್ಷರ ಹಾಕಿ, ನಾಲ್ಕು ಸಲ ಬಾಯಿಪಾಠ ಮಾಡುತ್ತಾರೆ. ಹೊತ್ತು ಯಾರಿಗೆ ಜಾಸ್ತಿ ಬೇಕಾಯಿತು ಹೇಳಿ?

"ನನಗೆ ಬಯಾಲಜಿ ಇಷ್ಟ, ಅದಕ್ಕೆ ಗಣಿತ ಬೇಡ ಅಲ್ವಾ" ಅಂತಲೂ ಬರೆದಿದ್ದೀರಿ. ಜೆನೆಟಿಕ್ಸಿನಲ್ಲಿ ಹಾರ್ಡಿ-ವೈನ್‌ಬರ್ಗ್ ನಿಯಮ ಓದುತ್ತೀರಲ್ಲ, ಆ ಹಾರ್ಡಿ ಗಣಿತಜ್ಞ. ಪ್ರಬಲ ಜೀನ್ ಇದ್ದರೆ ಅದು ತಲೆಮಾರಿನಿಂದ ತಲೆಮಾರಿಗೆ ಹೆಚ್ಚುತ್ತಾ ಹೋಗಬೇಕಲ್ಲವೇ ಎನ್ನುವ ಗೊಂದಲ ಆಗ ಜೀವಶಾಸ್ತ್ರದಲ್ಲಿತ್ತು. ಪನೆಟ್ ಎಂಬ ಜೀವಶಾಸ್ತ್ರಜ್ಞ ಅದನ್ನು ಹಾರ್ಡಿ ಮುಂದಿಟ್ಟರು. ಹಾಗೇನೂ ಹೆಚ್ಚಬೇಕಾಗಿಲ್ಲ ಅಂತ ಹಾರ್ಡಿ 1908ರಲ್ಲಿ ಒಂದು ಚಿಕ್ಕ ಪತ್ರದಲ್ಲಿ ತೋರಿಸಿದರು. ಅದರಲ್ಲಿದ್ದ ಗಣಿತ ನಿಮಗೆ ಈಗಾಗಲೇ ಬರುತ್ತದೆ: ಎ ಪ್ಲಸ್ ಬಿ ಹೋಲ್ ಸ್ಕ್ವೇರ್. ಅದೇ ವರ್ಷ ವೈನ್‌ಬರ್ಗ್ ಎಂಬ ವೈದ್ಯರೂ ಬೇರೆಯಾಗಿ ಅದನ್ನೇ ಕಂಡುಕೊಂಡಿದ್ದರು. ಇವತ್ತು ಬಯಾಲಜಿಯ ಸಂಶೋಧನೆಯಲ್ಲಿ ಸ್ಟ್ಯಾಟಿಸ್ಟಿಕ್ಸ್ ಇಲ್ಲದೆ ಒಂದು ಹೆಜ್ಜೆ ಇಡಲು ಆಗುವುದಿಲ್ಲ.

ಮತ್ತೊಂದು ವಿಷಯ, ಇದನ್ನು ಯಾರೂ ನನಗೆ ಹೇಳಿರಲಿಲ್ಲ. ಬಯಾಲಜಿಯ ಒಂದು ಪಾಠ ಬಿಟ್ಟುಹೋದರೆ ರಜೆಯಲ್ಲಿ ಓದಿಕೊಳ್ಳಬಹುದು. ಗಣಿತ ಹಾಗಲ್ಲ. ಟ್ರಿಗನಾಮೆಟ್ರಿ ಗಟ್ಟಿಯಿಲ್ಲದೆ ಡಿಫರೆನ್ಷಿಯೇಷನ್ ತಡವರಿಸುತ್ತದೆ, ಅದಿಲ್ಲದೆ ಇಂಟಿಗ್ರೇಷನ್ ಇಲ್ಲ, ಇವೆರಡೂ ಇಲ್ಲದೆ ಡಿಫರೆನ್ಷಿಯಲ್ ಸಮೀಕರಣಕ್ಕೆ ಕೈ ಹಾಕಲು ಆಗುವುದಿಲ್ಲ. ದಿನಾ ಸ್ವಲ್ಪ ಸ್ವಲ್ಪ ಮಾಡಿ ಕೈ ಪಳಗಬೇಕು. ಕೇಳಿದ ತಕ್ಷಣ ಹೇಳಿಕೊಡುವವರು ಪಕ್ಕದಲ್ಲಿರುವುದು ಶಾಲೆಯಲ್ಲಿ ಮಾತ್ರ.

ಯಾರಿಗೆ ಬೇಡ ಅನ್ನುತ್ತೇನೆ? ಭಿನ್ನರಾಶಿ, ಬೀಜಗಣಿತದಲ್ಲೇ ಇನ್ನೂ ಎಡವುತ್ತಿರುವವರಿಗೆ, ಅದೂ ಅದನ್ನು ಸರಿಮಾಡಿಕೊಳ್ಳುವವರೆಗೆ ಮಾತ್ರ. ನೀವೇ ಪರೀಕ್ಷಿಸಿಕೊಳ್ಳಿ. ಕ್ವಾಡ್ರಾಟಿಕ್ ಸಮೀಕರಣದ ಪಾಠ ತೆಗೆದು, ಬಿಡಿಸಿದ ಉದಾಹರಣೆಗಳನ್ನು ಮುಚ್ಚಿಟ್ಟು, ಕೊನೆಯ ಲೆಕ್ಕಗಳನ್ನು ಸುಮ್ನೆ ಮಾಡಿ ನೋಡಿ. ಅರ್ಧಕ್ಕಿಂತ ಜಾಸ್ತಿ ಬಂದರೆ ಧೈರ್ಯವಾಗಿ ಸೇರಿ. ನಡುವೆ ಆಗಲಿಲ್ಲ ಅಂದ್ರೆ ಬಿಡಲು ಎಷ್ಟು ದಿನ ಅವಕಾಶ ಇದೆ ಅಂತ ಶಾಲೆಯಲ್ಲಿ ಮೊದಲೇ ಕೇಳಿಕೊಳ್ಳಿ. ನಡುವೆ ಬಿಡುವುದಕ್ಕಿಂತ ನಡುವೆ ಸೇರುವುದೇ ಕಷ್ಟ.

ಸೇರಿದ ಮೇಲೆ ಗಣಿತದ ಟೀಚರ್ ಹತ್ತಿರ ಇದೊಂದನ್ನು ವಿಚಾರಿಸಿ: ಡಿಫರೆನ್ಷಿಯೇಷನ್ ಪಾಠ ಯಾವಾಗ ಬರುತ್ತದೆ? ಎಷ್ಟೋ ಕಡೆ ಫಿಸಿಕ್ಸಿನಲ್ಲಿ ವೇಗ, ವೇಗೋತ್ಕರ್ಷ ಮುಗಿದು ತಿಂಗಳುಗಳಾದ ಮೇಲೆ ಬರುತ್ತದೆ. ಹಾಗಿದ್ದರೆ ಅದರ ಮೊದಲ ಕೆಲವು ಪುಟಗಳನ್ನು ಫಿಸಿಕ್ಸ್ ಕ್ಲಾಸಿಗಿಂತ ಮುಂಚೆ ನೀವೇ ಓದಿಕೊಳ್ಳಿ, ಅರ್ಥವಾಗದ ಕಡೆ ಪೆನ್ಸಿಲ್ಲಿನಲ್ಲಿ ಗುರುತು ಹಾಕಿ ಅವರ ಹತ್ತಿರ ಹೋಗಿ.