ತಾನೇ ಗಡಿ ಹಾಕಿಕೊಂಡ ಹಳ್ಳಿ

ಪ್ರಶ್ನೆ: 2020ರಲ್ಲಿ ಕೊರೊನಾ ಕಾಲಕ್ಕೆ ಕೇರಳ–ಕರ್ನಾಟಕದ ನಡುವಿನ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗಲಾಗದೆ ನಾವು ಕಂಗೆಟ್ಟಿದ್ದೆವು. ಇಂಗ್ಲೆಂಡಿನ ಹಳ್ಳಿಯೊಂದು ಹಿಂದೆ ತಾನಾಗಿಯೇ ಗಡಿ ಹಾಕಿಕೊಂಡಿತ್ತಂತೆ, ಹೌದೇ?
– ಓದುಗರೊಬ್ಬರು, ಮಂಜೇಶ್ವರ

ಉತ್ತರ: ಹೌದು, ಅದು ಡರ್ಬಿಶೈರಿನ ಈಮ್ ಎಂಬ ಹಳ್ಳಿ. 1665ರಲ್ಲಿ ಲಂಡನ್ನಿನಿಂದ ದರ್ಜಿಯೊಬ್ಬನ ಮನೆಗೆ ಬಂದ ಬಟ್ಟೆಯ ಗಂಟಿನೊಂದಿಗೆ ಪ್ಲೇಗ್ ಅಲ್ಲಿಗೆ ಕಾಲಿಟ್ಟಿತೆಂದು ಹೇಳುತ್ತಾರೆ. ಮರುವರ್ಷದ ಜೂನಿನಲ್ಲಿ ಪಾದ್ರಿ ವಿಲಿಯಂ ಮೊಂಪೆಸನ್ ಮತ್ತು ಅವರಿಗಿಂತ ಹಿಂದೆ ಅಲ್ಲಿ ಪಾದ್ರಿಯಾಗಿದ್ದ ಥಾಮಸ್ ಸ್ಟ್ಯಾನ್ಲಿ ಜನರ ಮನವೊಲಿಸಿದ ಮೇಲೆ, ರೋಗವು ನೆರೆಯೂರುಗಳಿಗೆ ಹರಡದಿರಲೆಂದು ಊರಿಗೆ ಊರೇ ಎಲ್ಲೆಯೊಳಗೆ ಉಳಿಯಿತು. ಎಲ್ಲೆಗಲ್ಲಿನಲ್ಲಿ ಕೊರೆದ ಕುಳಿಗಳಿಗೆ ವಿನಿಗರ್ ತುಂಬಿ ಅದರಲ್ಲಿ ನಾಣ್ಯಗಳನ್ನು ಇಡುತ್ತಿದ್ದರು; ಹೊರಗಿನವರು ಆಹಾರವನ್ನು ಅಲ್ಲಿಟ್ಟು ನಾಣ್ಯ ಒಯ್ಯುತ್ತಿದ್ದರು. ಆ ಕಲ್ಲು ಈಗಲೂ ಇದೆ. ಎಲಿಜಬೆತ್ ಹ್ಯಾಂಕಾಕ್ ಎಂಬಾಕೆ ಎಂಟೇ ದಿನಗಳಲ್ಲಿ ಗಂಡನನ್ನೂ ಆರು ಮಕ್ಕಳನ್ನೂ ಕೈಯಾರೆ ಮಣ್ಣು ಮಾಡಬೇಕಾಯಿತು. ಮೊಂಪೆಸನ್ನರ ಪತ್ನಿಯೂ ಉಳಿಯಲಿಲ್ಲ. ಸತ್ತವರು ಒಟ್ಟು ಸುಮಾರು 260 ಮಂದಿ. ತಲಪಾಡಿಯಲ್ಲಿ ದಾರಿ ಮುಚ್ಚಿದವರು ಬೇರೆ, ನೊಂದವರು ಬೇರೆ. ಈಮಿನಲ್ಲಿ ಮುಚ್ಚಿದವರೇ ನೊಂದವರು ಎಂಬುದನ್ನು ಮರೆಯಲಾಗದು. ಪ್ರತಿವರ್ಷ ಆಗಸ್ಟಿನ ಕೊನೆಯ ಭಾನುವಾರ ಅಲ್ಲಿ ಅವರ ಸ್ಮರಣೆಯ ಪ್ರಾರ್ಥನೆ ನಡೆಯುತ್ತದೆ. ಅದೇ ದಿನಗಳಲ್ಲಿ ಊರಿನ ಬಾವಿಗಳನ್ನು ಹೂವಿನ ಎಸಳುಗಳಿಂದ ಸಿಂಗರಿಸುತ್ತಾರೆ.